ಮಾತ್ರೆಯ ಲೆಕ್ಕ

ಮನಸ್ಸಿನ ಖಿನ್ನತೆಯನ್ನು ಕುರಿತು ಮಾತನಾಡುವವರು ಈಗ ಸಾಕಷ್ಟು ಮಂದಿ ಇದ್ದಾರೆ. ಅದಕ್ಕೆ ಕೊಡುವ ಔಷಧವನ್ನು ಕುರಿತು ಮಾತನಾಡುವವರು ಕಡಿಮೆ. ಆ ಔಷಧವನ್ನು ಬಿಡುವುದು ಹೇಗೆ ಎಂಬುದನ್ನು ಕುರಿತು ಮಾತನಾಡುವವರಂತೂ ನಮ್ಮ ಕಡೆ ಇಲ್ಲವೆಂದೇ ಹೇಳಬೇಕು. ವಿಷಯದ ಆಯ್ಕೆಯನ್ನು ನನಗೇ ಬಿಟ್ಟುಕೊಟ್ಟ ಆಕಾಶವಾಣಿಯ ಮಿತ್ರರು ನಾನು ಪಂಪನನ್ನೋ ಕುಮಾರವ್ಯಾಸನನ್ನೋ ಎತ್ತಿಕೊಂಡೇನೆಂದು ಎಣಿಸಿದ್ದಿರಬೇಕು. ಅವರಿಬ್ಬರನ್ನು ಕುರಿತು ತರಗತಿಯಲ್ಲಿ 34 ವರ್ಷ ಮಾತನಾಡಿದ್ದಾಗಿದೆ. ಇಂದು ನಾನು ನಾಲ್ಕು ವರ್ಷ ನುಂಗಿದ ಒಂದು ಸಣ್ಣ ಬಿಳಿಯ ಮಾತ್ರೆಯನ್ನು ಕುರಿತು ಮಾತನಾಡಬೇಕೆಂದಿದ್ದೇನೆ. ನಾನು ವೈದ್ಯನಲ್ಲ, ರೋಗಿಯಾಗಿ ಕಂಡದ್ದನ್ನೂ, ಆಮೇಲೆ ಓದಿ ತಿಳಿದದ್ದನ್ನೂ ಹೇಳುತ್ತೇನೆ.

ಮಾತ್ರೆ ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಬದುಕುಗಳಿವೆ. ಛಂದಸ್ಸಿನಲ್ಲಿ ಅದು ಒಂದು ಲಘುವನ್ನು ಉಚ್ಚರಿಸಲು ಹಿಡಿಯುವ ಕಾಲ. ಔಷಧದಂಗಡಿಯಲ್ಲಿ ಅದು ಗುಳಿಗೆ. ಎರಡರ ಹಿಂದೆಯೂ ಇರುವುದು ಅಳತೆಯ ಕಲ್ಪನೆಯೇ. ಭಾಮಿನಿ ಷಟ್ಪದಿಯ ಸಾಲಿನಲ್ಲಿ ಒಂದು ಮಾತ್ರೆ ತಪ್ಪಿದರೂ ಪಳಗಿದ ಕಿವಿಗೆ ಅದು ತಟ್ಟನೆ ಗೊತ್ತಾಗುತ್ತದೆ. ದೇಹಕ್ಕೂ ಅಂಥದೇ ಒಂದು ಕಿವಿಯಿದೆ ಎಂಬುದು ನನಗೆ ಅರವತ್ತು ದಾಟಿದ ಮೇಲೆ ತಿಳಿಯಿತು.

ಕಾಯಿಲೆಯ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 2018ರಲ್ಲಿ ಕಾರವಾರದಲ್ಲಿ ನಿವೃತ್ತನಾಗಿ ಅಂಕೋಲೆಯ ಹಳೆಯ ಮನೆಗೆ ಬಂದೆ. 2020ರ ಮಳೆಗಾಲದಲ್ಲಿ ಬೆಳಗಿನ ಮೂರು ಗಂಟೆಗೇ ಎಚ್ಚರವಾಗತೊಡಗಿತು. ಊಟ ಸೇರದಾಯಿತು. ಪುಸ್ತಕದ ಒಂದೇ ಪುಟವನ್ನು ತೆರೆದುಕೊಂಡು ತಾಸುಗಟ್ಟಲೆ ಕುಳಿತಿರುತ್ತಿದ್ದೆ. ‘ಖಿನ್ನತೆ’ ಎಂಬುದು ಪುಸ್ತಕದ ಮಾತು. ಅಂಕೋಲೆಯ ಪೇಟೆಯಲ್ಲಿ ಯಾರೂ ‘ನನಗೆ ಖಿನ್ನತೆಯಾಗಿದೆ’ ಎಂದು ಹೇಳುವುದಿಲ್ಲ. ‘ಬೇಜಾರು’ ಎನ್ನುತ್ತಾರೆ, ‘ಎದೆ ಭಾರ’ ಎನ್ನುತ್ತಾರೆ, ‘ಯಾವುದೂ ಬೇಡ ಅನ್ನಿಸುತ್ತದೆ’ ಎನ್ನುತ್ತಾರೆ. ಬೇಜಾರಿಗೆ ಔಷಧವುಂಟೆ? ಅದಕ್ಕಾಗಿಯೇ ವೈದ್ಯರ ಬಾಗಿಲಿಗೆ ಹೋಗುವುದು ತಡವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಸುಮಾರು 20ಕ್ಕೆ ಒಬ್ಬರು ಬಾಳಿನಲ್ಲಿ ಒಮ್ಮೆಯಾದರೂ ಈ ಕಾಯಿಲೆಗೆ ಸಿಕ್ಕಿದವರು. ಅವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆಯೇ ದೊರೆತಿಲ್ಲ.

ನಾನು ಘಟ್ಟ ಹತ್ತಿ ಧಾರವಾಡಕ್ಕೆ ಹೋದೆ. ನಮ್ಮ ಜಿಲ್ಲೆಯಲ್ಲಿ ‘ಅವನನ್ನು ಧಾರವಾಡಕ್ಕೆ ಕರೆದುಕೊಂಡು ಹೋದರಂತೆ’ ಎಂಬ ವಾಕ್ಯಕ್ಕೆ ಒಂದು ಕಾಲಕ್ಕೆ ಒಂದೇ ಅರ್ಥವಿತ್ತು, ಅದನ್ನು ದನಿ ತಗ್ಗಿಸಿಯೇ ಹೇಳುತ್ತಿದ್ದರು. ಅಲ್ಲಿಯ ಮಾನಸಿಕ ಆಸ್ಪತ್ರೆ ಹತ್ತೊಂಬತ್ತನೆಯ ಶತಮಾನದ್ದು. ಇಂದು ಅದು ಡಿಮ್ಹಾನ್ಸ್ ಎಂಬ ಸಂಸ್ಥೆಯಾಗಿ ಬೆಳೆದಿದೆ. ನಾನು ಕಂಡದ್ದು ಬೇರೆ ಒಬ್ಬ ಖಾಸಗಿ ವೈದ್ಯರನ್ನು. ಅವರು ಎಸಿಟಲೋಪ್ರಾಮ್ ಎಂಬ ಮಾತ್ರೆಯನ್ನು ದಿನಕ್ಕೆ 10 ಮಿಲಿಗ್ರಾಂನಂತೆ ಬರೆದುಕೊಟ್ಟರು. ಐದಾರು ವಾರಗಳಲ್ಲಿ ನಿದ್ದೆ ಬಂತು, ಅನ್ನ ರುಚಿಸಿತು. ಮಾತ್ರೆ ನನ್ನನ್ನು ಎತ್ತಿ ನಿಲ್ಲಿಸಿತು ಎಂಬುದನ್ನು ಮೊದಲೇ ಹೇಳಿಬಿಡಬೇಕು. ಮುಂದೆ ಹೇಳುವ ಮಾತುಗಳನ್ನು ಕೇಳಿ ಯಾರೂ ಇಂದು ರಾತ್ರಿ ತಮ್ಮ ಮಾತ್ರೆಯನ್ನು ಕಿಟಕಿಯಾಚೆ ಎಸೆಯಕೂಡದು.

ಆ ವೈದ್ಯರು ಔಷಧ ಕೊಟ್ಟರೇ ಹೊರತು ಅದರ ಗುಣಸ್ವಭಾವವನ್ನು ಹೇಳಲಿಲ್ಲ. ಹೊರಗೆ ನಲವತ್ತು ಜನ ಕಾದಿದ್ದರು, ಹೇಳಲು ಹೊತ್ತೆಲ್ಲಿ? ನಮ್ಮ ನಾಟಿವೈದ್ಯರು ಒಂದು ಕಷಾಯ ಕೊಟ್ಟರೆ ಅದರೊಡನೆ ಹತ್ತು ಪಥ್ಯ ಹೇಳುತ್ತಿದ್ದರು. ಅವುಗಳಲ್ಲಿ ಎಂಟು ಅನಾವಶ್ಯಕವಾಗಿದ್ದರೂ ಔಷಧವೆಂದರೆ ಎಚ್ಚರದಿಂದಿರಬೇಕಾದ ವಸ್ತು ಎಂಬ ತಿಳಿವಳಿಕೆಯಾದರೂ ರೋಗಿಗೆ ಬರುತ್ತಿತ್ತು.

ಮೊದಲ ಎರಡು ವಾರ ಹೊಟ್ಟೆ ತೊಳಸುತ್ತದೆ, ಬಾಯಿ ಒಣಗುತ್ತದೆ, ಕೈ ಸಣ್ಣಗೆ ನಡುಗುತ್ತದೆ, ಕೆಲವರಿಗೆ ತಳಮಳ ಹೆಚ್ಚುತ್ತದೆ. ಇವು ಸಾಮಾನ್ಯವಾಗಿ ತಾವಾಗಿಯೇ ಇಳಿಯುತ್ತವೆ. ಗುಣ ಕಾಣುವುದಕ್ಕೆ ಮೂರು ನಾಲ್ಕು ವಾರ ಹಿಡಿಯುವುದರಿಂದ, ಉಪಕಾರಕ್ಕಿಂತ ಉಪದ್ರವವೇ ಮೊದಲು ಬಂದಂತಾಗಿ, ಅನೇಕರು ಮೊದಲ ಪಟ್ಟಿಯನ್ನು ಮುಗಿಸುವುದೇ ಇಲ್ಲ. ಇಪ್ಪತ್ತೈದರೊಳಗಿನ ಹರೆಯದವರನ್ನಂತೂ ಆರಂಭದ ವಾರಗಳಲ್ಲಿ ಮನೆಯವರು ಹತ್ತಿರದಿಂದ ನೋಡಿಕೊಳ್ಳಬೇಕು. ಸಾವಿನ ಯೋಚನೆಗಳು ಕೆಲವರಲ್ಲಿ ಆಗ ಹೆಚ್ಚಬಹುದೆಂಬ ಎಚ್ಚರಿಕೆ ಈ ಔಷಧಗಳ ಮೇಲಿದೆ.

ನಮ್ಮಂಥ ವಯಸ್ಸಾದವರಿಗೆ ಬೇರೆ ಒಂದು ಅಪಾಯವಿದೆ, ಅದನ್ನು ತುಸು ಬಿಡಿಸಿ ಹೇಳಬೇಕು. ಈ ವರ್ಗದ ಮಾತ್ರೆಗಳು ರಕ್ತದಲ್ಲಿಯ ಸೋಡಿಯಂ, ಎಂದರೆ ಉಪ್ಪಿನಂಶವನ್ನು ತಗ್ಗಿಸಬಲ್ಲವು. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ತೆಗೆದುಕೊಳ್ಳುವವರಲ್ಲಿ ಇದು ಹೆಚ್ಚು. ಕಾರವಾರದ ನಮ್ಮ ನೆರೆಯ ಹಿರಿಯರೊಬ್ಬರು ಮೊಮ್ಮಕ್ಕಳ ಹೆಸರು ತಪ್ಪಿ ಕರೆಯತೊಡಗಿದರು, ಅಂಗಳದಲ್ಲಿ ಎರಡು ಸಲ ಬಿದ್ದರು. ಮನೆಯವರು ಅರಳುಮರಳೆಂದುಕೊಂಡರು. ಒಂದು ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಸೋಡಿಯಂ ಕುಸಿದಿರುವುದು ಗೊತ್ತಾಯಿತು. ಔಷಧ ಬದಲಾಯಿಸಿದ ಮೇಲೆ ಮೊಮ್ಮಕ್ಕಳೆಲ್ಲ ತಮ್ಮ ತಮ್ಮ ಹೆಸರಿಗೆ ಮರಳಿದರು. ಹಾಗೆಯೇ ಮೊಣಕಾಲಿನ ನೋವಿಗೆ ನಾವು ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆಗಳೂ, ಹೃದಯಕ್ಕೆಂದು ಕೊಡುವ ಆಸ್ಪಿರಿನ್ನೂ ಇದರ ಜೊತೆ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗುವ ಸಂಭವ ಹೆಚ್ಚು. ವೈದ್ಯರು ಕೇಳದಿದ್ದರೂ ನಾವಾಗಿ ಹೇಳಬೇಕಾದ ಸಂಗತಿಯಿದು.

ಇನ್ನೆರಡು ತೊಂದರೆಗಳನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ದಾಂಪತ್ಯಸುಖ ಕುಂದುವುದು ಒಂದು. ಗಂಡಸರಿಗೂ ಹೆಂಗಸರಿಗೂ ಇದು ಆಗುತ್ತದೆ, ಬಹಳ ಮಂದಿಗೆ ಆಗುತ್ತದೆ. ಹೊಸದಾಗಿ ಮದುವೆಯಾದ ಎಷ್ಟೋ ತರುಣರು ಮಾತ್ರೆಯನ್ನು ಗುಟ್ಟಾಗಿ, ಒಮ್ಮೆಗೇ ನಿಲ್ಲಿಸುವುದು ಈ ಕಾರಣಕ್ಕೇ. ಎರಡನೆಯದು ಭಾವ ಮಂದವಾಗುವುದು. ಇದು ನನಗೇ ಆದದ್ದು. ಹೊನ್ನಾವರದ ಕಡೆ ಒಂದು ರಾತ್ರಿ ಯಕ್ಷಗಾನಕ್ಕೆ ಹೋಗಿದ್ದೆ, ಗದಾಯುದ್ಧದ ಪ್ರಸಂಗ. ಎಲ್ಲವನ್ನೂ ಕಳೆದುಕೊಂಡ ಕೌರವ ಒಬ್ಬನೇ ವೈಶಂಪಾಯನ ಸರೋವರದ ದಂಡೆಗೆ ಬರುವ ಘಟ್ಟ. ಜೀವಮಾನವಿಡೀ ಆ ದೃಶ್ಯದಲ್ಲಿ ಗಂಟಲು ಕಟ್ಟಿಸಿಕೊಂಡವನು ನಾನು. ಆ ರಾತ್ರಿ ವೇಷಧಾರಿಯ ಹೆಜ್ಜೆ ಸರಿಯಾಗಿದೆ, ಭಾಗವತರ ಕಂಠ ಚೆನ್ನಾಗಿದೆ ಎಂದು ಗಮನಿಸುತ್ತ ಪರೀಕ್ಷಕನಂತೆ ಕುಳಿತಿದ್ದೆ. ‘ನೀವು ಅಳುವುದನ್ನು ಬಿಟ್ಟಿರಿ, ಒಳ್ಳೆಯದೇ ಆಯಿತು, ನಗುವುದನ್ನೂ ಬಿಟ್ಟಿದ್ದೀರಲ್ಲ’ ಎಂದು ಹೆಂಡತಿ ಅಂದಳು. ಕಾಯಿಲೆಯ ದಿನಗಳ ಮರಗಟ್ಟುವಿಕೆ ಬೇರೆ, ಇದು ಬೇರೆ. ಅಲ್ಲಿ ನೋವಿತ್ತು, ಇಲ್ಲಿ ನೋವೂ ಇಲ್ಲದ ಒಂದು ಸಪ್ಪೆತನ. ಮಾತ್ರೆಯ ಪ್ರಮಾಣವನ್ನು ತಗ್ಗಿಸಿದರೆ ಅಥವಾ ಬೇರೆ ಬಗೆಯದಕ್ಕೆ ಬದಲಾಯಿಸಿದರೆ ಇದು ಅನೇಕ ವೇಳೆ ಸರಿಹೋಗುತ್ತದೆಯಂತೆ. ಆದರೆ ‘ಡಾಕ್ಟರೇ, ನನಗೆ ಕೌರವನಿಗಾಗಿ ಅಳು ಬರುತ್ತಿಲ್ಲ’ ಎಂದು ಹೇಳುವ ಧೈರ್ಯ ಎಷ್ಟು ಜನಕ್ಕಿದ್ದೀತು?

ಇಲ್ಲಿಂದ ಬಿಡುವ ಮಾತಿಗೆ ಬರುತ್ತೇನೆ. ನನ್ನ ಮೇಜಿನ ಮೇಲಿದ್ದ ಪಟ್ಟಿಯನ್ನು ನೋಡಿ ನೆಂಟರೊಬ್ಬರು, ‘ಇದು ಚಟವಾಗಿಬಿಡುತ್ತದಂತಲ್ಲ!’ ಎಂದು ಉದ್ಗರಿಸಿದರು. ಚಟ ಎಂಬ ಮಾತಿಗೆ ಕನ್ನಡದಲ್ಲಿ ಒಂದು ಕಳಂಕ ಅಂಟಿಕೊಂಡಿದೆ. ಅದರಲ್ಲಿ ಬಯಕೆಯಿದೆ, ದಿನದಿನಕ್ಕೆ ಹೆಚ್ಚು ಬೇಕೆಂಬ ಹಟವಿದೆ, ಕದ್ದಾದರೂ ತರಬೇಕೆಂಬ ಆತುರವಿದೆ. ಈ ಮಾತ್ರೆಯಲ್ಲಿ ಅಂಥದೇನೂ ಇಲ್ಲ. ಅದರಿಂದ ಅಮಲೇರುವುದಿಲ್ಲ, ಇನ್ನೊಂದು ನುಂಗೋಣವೆಂದು ಯಾರಿಗೂ ಅನ್ನಿಸುವುದಿಲ್ಲ. ಹಾಗೆಂದು, ಚಟವಲ್ಲವಾದ್ದರಿಂದ ಯಾವಾಗ ಬೇಕಾದರೂ ಬಿಡಬಹುದೆಂದು ತೀರ್ಮಾನಿಸುವುದೂ ತಪ್ಪು. ನಮ್ಮ ಭಾಷೆಯಲ್ಲಿ ‘ಒಗ್ಗುವುದು’ ಎಂಬ ಇನ್ನೊಂದು ಮಾತಿದೆ. ಘಟ್ಟದ ಮೇಲಿನವನಿಗೆ ಕರಾವಳಿಯ ಸೆಕೆ ಒಗ್ಗುತ್ತದೆ, ಸೊಸೆಗೆ ಹೊಸ ಮನೆಯ ನೀರು ಒಗ್ಗುತ್ತದೆ. ಅದರಲ್ಲಿ ಯಾರ ದೋಷವೂ ಇಲ್ಲ. ಮಿದುಳಿನ ನರಗಳು ಸೆರೊಟೋನಿನ್ ಎಂಬ ದ್ರವ್ಯವನ್ನು ಹೊರಸೂಸಿ ಮತ್ತೆ ಒಳಗೆ ಎಳೆದುಕೊಳ್ಳುತ್ತವೆ. ಮಾತ್ರೆ ಆ ಎಳೆದುಕೊಳ್ಳುವಿಕೆಗೆ ಅಡ್ಡ ನಿಲ್ಲುತ್ತದೆ. ತಿಂಗಳುಗಟ್ಟಲೆ ಹೀಗಾದಾಗ ದೇಹ ಆ ಸ್ಥಿತಿಗೆ ಒಗ್ಗಿಕೊಂಡು ತನ್ನ ವ್ಯವಸ್ಥೆಯನ್ನು ತಿದ್ದಿಕೊಳ್ಳುತ್ತದೆ. ಥಟ್ಟನೆ ಮಾತ್ರೆ ನಿಂತರೆ ಆ ತಿದ್ದುಪಡಿ ಒಂದೇ ದಿನದಲ್ಲಿ ಹಿಂದೆಗೆಯಲಾರದು. ಅದೇ ಬಿಡುವಾಗಿನ ತೊಂದರೆ.

ಇದು ಹೊಸ ಸಂಗತಿಯೇನೂ ಅಲ್ಲ. ಖಿನ್ನತೆಯ ಮೊದಲ ಔಷಧಗಳು 1950ರ ದಶಕದಲ್ಲಿ ಆಕಸ್ಮಿಕವಾಗಿ ದೊರೆತವು. ನ್ಯೂಯಾರ್ಕಿನ ಕ್ಷಯರೋಗಿಗಳಿಗೆ ಕೊಟ್ಟ ಔಷಧವೊಂದು ಅವರ ಮನಸ್ಸನ್ನು ಹಗುರಗೊಳಿಸಿದ್ದು ಒಂದು. ಸ್ವಿಟ್ಜರ್ಲೆಂಡಿನ ರೋಲಾಂಡ್ ಕೂನ್ 1957ರಲ್ಲಿ ಪ್ರಕಟಿಸಿದ ಇಮಿಪ್ರಮಿನ್ನಿನ ಗುಣ ಇನ್ನೊಂದು. ಇಮಿಪ್ರಮಿನ್ ಬಿಟ್ಟವರಿಗೆ ವಾಕರಿಕೆ, ತಲೆಸುತ್ತು ಬರುವುದನ್ನು 1960ರ ಆಸುಪಾಸಿನಲ್ಲೇ ವೈದ್ಯರು ಬರೆದಿಟ್ಟಿದ್ದಾರೆ. 1987ರ ಕೊನೆಗೆ ಅಮೆರಿಕದಲ್ಲಿ ಫ್ಲುಒಕ್ಸೆಟಿನ್ನಿಗೆ ಅನುಮತಿ ಸಿಕ್ಕಿ ಹೊಸ ಪೀಳಿಗೆಯ ಮಾತ್ರೆಗಳು ಜಗತ್ತನ್ನೆಲ್ಲ ವ್ಯಾಪಿಸಿದವು. ಅವುಗಳನ್ನು ಬಿಟ್ಟವರಿಗೂ ತೊಂದರೆಯಾಗತೊಡಗಿದಾಗ, 1990ರ ದಶಕದಲ್ಲಿ, ಒಂದು ಔಷಧ ಕಂಪನಿಯ ನೆರವಿನಿಂದ ತಜ್ಞರು ಸಭೆ ಸೇರಿ ‘ವಿತ್‌ಡ್ರಾಯಲ್’ ಎಂಬ ಮಾತಿನ ಬದಲು ‘ಡಿಸ್‌ಕಂಟಿನ್ಯೂಯೇಶನ್ ಸಿಂಡ್ರೋಮ್’ ಎಂಬ ಮಾತನ್ನು ಬಳಕೆಗೆ ತಂದರು. ಮೊದಲನೆಯ ಮಾತು ಹೆಂಡ ಅಫೀಮುಗಳನ್ನು ನೆನಪಿಸುತ್ತದೆ, ಎರಡನೆಯದು ಏನನ್ನೂ ನೆನಪಿಸುವುದಿಲ್ಲ. ಅಲಂಕಾರಶಾಸ್ತ್ರ ಕಲಿಸಿದ ನನಗೆ ಈ ಪ್ರಸಂಗವನ್ನು ಓದಿದಾಗ ನಗು ಬಂತು. ಎರಡು ದಶಕಗಳ ಕಾಲ ‘ಇದು ಅಲ್ಪ, ಒಂದೆರಡು ವಾರದಲ್ಲಿ ಹೋಗುತ್ತದೆ’ ಎಂಬ ಮಾತೇ ವೈದ್ಯಗ್ರಂಥಗಳಲ್ಲಿ ನಡೆಯಿತು. ಕೆಲವರಲ್ಲಿ ಅದು ತೀವ್ರವೂ ದೀರ್ಘವೂ ಆಗಬಹುದೆಂದು ಬ್ರಿಟನ್ನಿನ ಮನೋವೈದ್ಯರ ಸಂಘ ಒಪ್ಪಿಕೊಂಡದ್ದು 2019ರಲ್ಲಿ.

ಹಾಗೆಂದು ಎಲ್ಲರಿಗೂ ಇದು ಬರುತ್ತದೆಂದು ಹೆದರಿಸುವುದೂ ಸರಿಯಲ್ಲ. 2024ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆಯಲ್ಲಿ, ಮಾತ್ರೆ ಬಿಟ್ಟವರಲ್ಲಿ ನೂರಕ್ಕೆ 31 ಜನರಿಗೆ ಏನಾದರೊಂದು ಲಕ್ಷಣ ಕಂಡಿತ್ತು. ಬರಿಯ ಹಿಟ್ಟಿನ ಮಾತ್ರೆಯನ್ನು ಬಿಟ್ಟವರಲ್ಲಿಯೂ 17 ಜನ ಹಾಗೆಯೇ ಹೇಳಿದ್ದರು. ಆ ವ್ಯತ್ಯಾಸವನ್ನು ತೆಗೆದರೆ ಆರೇಳು ಜನರಲ್ಲಿ ಒಬ್ಬರಿಗೆ ನಿಜವಾದ ತೊಂದರೆ. ತೀವ್ರ ತೊಂದರೆ ನೂರಕ್ಕೆ ಸುಮಾರು ಮೂವರಿಗೆ. ವರ್ಷಗಟ್ಟಲೆ ತೆಗೆದುಕೊಂಡವರ ಲೆಕ್ಕ ಇದರಲ್ಲಿ ಸಾಲದೆಂದು ಬೇರೆ ಪಂಡಿತರ ವಾದ. ವಾದ ನಡೆಯುತ್ತಿರಲಿ. ನೂರಕ್ಕೆ ಮೂವರೆಂದರೂ ನಮ್ಮ ಜಿಲ್ಲೆಯೊಂದರಲ್ಲೇ ಎಷ್ಟು ಮನೆಗಳಾದವು!

2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿಹೋದುದನ್ನು ನೀವು ಮರೆತಿರಲಾರಿರಿ. ಗಂಗಾವಳಿಯ ಆಚೆಯ ಕಡೆಯ, ನನಗೆ ಪರಿಚಿತರಾದ ನಿವೃತ್ತ ಶಿಕ್ಷಕಿಯೊಬ್ಬರು ಅಂಕೋಲೆಗೆ ಬಂದು ತಿಂಗಳ ಮಾತ್ರೆ ಒಯ್ಯುತ್ತಿದ್ದರು. ಅವರದು ಪರೋಕ್ಸೆಟಿನ್, ದೇಹದಿಂದ ಬೇಗ ಇಳಿದುಹೋಗುವ ಜಾತಿಯದು. ಆ ವಾರ ಕೈಯಲ್ಲಿ ಎರಡೇ ಉಳಿದಿದ್ದವು, ಹತ್ತಿರದ ಅಂಗಡಿಯಲ್ಲಿ ಅದು ಸಿಗಲಿಲ್ಲ, ಆ ಗದ್ದಲದಲ್ಲಿ ಅಂಕೋಲೆಗೆ ಬರುವವರು ಯಾರು? ಮಾತ್ರೆ ಮುಗಿದ ಮೂರನೆಯ ದಿನಕ್ಕೆ ಅವರಿಗೆ ತಲೆ ಸುತ್ತತೊಡಗಿತು, ಸಣ್ಣ ಮಾತಿಗೂ ಅಳು ಬಂತು, ಕಣ್ಣು ಮುಚ್ಚಿದರೆ ಗುಡ್ಡ ಮೈಮೇಲೆ ಬೀಳುವ ಕನಸು. ‘ಕಣ್ಣು ಹೊರಳಿಸಿದರೆ ತಲೆಯೊಳಗೆ ಮಿಂಚು ಹೊಡೆದ ಹಾಗಾಗುತ್ತದೆ’ ಎಂದರು. ದುರಂತದ ಭಯದಿಂದ ಕಾಯಿಲೆ ಮರುಕಳಿಸಿತೆಂದು ಮನೆಯವರು ತಿಳಿದರು. ಆ ದಿನಗಳಲ್ಲಿ ಬೇರೆ ಏನೆಂದು ತಿಳಿದಾರು? ಒಂಬತ್ತನೆಯ ದಿನ ಮಗ ಫೋನಿನಲ್ಲಿ ವೈದ್ಯರನ್ನು ಹಿಡಿದಾಗ ಅವರು ಕೇಳಿದ ಮೊದಲ ಪ್ರಶ್ನೆ ಮಾತ್ರೆ ತಪ್ಪಿತೇ ಎಂದು. ಸುತ್ತು ದಾರಿಯಲ್ಲಿ ಯಾರೋ ಮಾತ್ರೆ ತಲುಪಿಸಿದರು. ಎರಡು ದಿನದಲ್ಲಿ ತಲೆಸುತ್ತು ಹೋಯಿತು, ಮಿಂಚು ನಿಂತಿತು. ಭಯ ಉಳಿಯಿತು, ಅದು ಇಡೀ ತಾಲೂಕಿಗೇ ಉಳಿದಿತ್ತು.

ಅವರು ಹೇಳಿದ ಆ ‘ಮಿಂಚು’ ಎಂಬ ಮಾತನ್ನು ದಯವಿಟ್ಟು ನೆನಪಿಡಿ. ಪಶ್ಚಿಮದ ರೋಗಿಗಳೂ ಇದೇ ಅನುಭವವನ್ನು ವಿದ್ಯುತ್ತಿನ ಆಘಾತವೆಂದೇ ವರ್ಣಿಸುತ್ತಾರೆ. ಬರಿಯ ಖಿನ್ನತೆಯಲ್ಲಿ ಈ ಮಿಂಚು ಇರುವುದಿಲ್ಲ. ಬಿಟ್ಟ ಎರಡು ಮೂರು ದಿನಗಳಲ್ಲೇ ತೊಂದರೆ ತೊಡಗಿದರೆ, ಅದರಲ್ಲಿ ತಲೆಸುತ್ತು, ಮಿಂಚು, ವಾಕರಿಕೆ, ವಿಚಿತ್ರ ಕನಸುಗಳು ಬೆರೆತಿದ್ದರೆ, ಮಾತ್ರೆ ಮತ್ತೆ ತೆಗೆದುಕೊಂಡೊಡನೆ ಒಂದೆರಡು ದಿನಗಳಲ್ಲಿ ಶಮನವಾದರೆ, ಅದು ದೇಹ ಒಗ್ಗಿದ್ದರ ಗುರುತು. ಕಾಯಿಲೆ ನಿಜವಾಗಿ ಮರಳುವುದಾದರೆ ವಾರಗಳು, ತಿಂಗಳುಗಳ ಮೇಲೆ ಮೆಲ್ಲಮೆಲ್ಲನೆ, ಹಳೆಯ ಗುರುತಿನ ಮುಖದಲ್ಲೇ ಬರುತ್ತದೆ. ಫ್ಲುಒಕ್ಸೆಟಿನ್ ಮಾತ್ರ ದೇಹದಲ್ಲಿ ವಾರಗಟ್ಟಲೆ ಉಳಿಯುವುದರಿಂದ ಅದರ ತೊಂದರೆಯೂ ತಡವಾಗಿಯೇ ಕಾಣಿಸಿಕೊಂಡೀತು. ಈ ಭೇದ ತಿಳಿಯದೆ ‘ಕಾಯಿಲೆ ಹೋಗಿಲ್ಲ, ಜೀವಮಾನವಿಡೀ ಮಾತ್ರೆಯೇ ಗತಿ’ ಎಂದು ಕುಳಿತವರು ಎಷ್ಟೋ ಮಂದಿ.

ನನ್ನ ಅನುಭವ ಹೀಗಿತ್ತು. ವೈದ್ಯರು ಹೇಳಿದಂತೆ 10 ಮಿಲಿಗ್ರಾಂನಿಂದ 5ಕ್ಕೆ ಇಳಿದೆ. ಒಂದು ತಿಂಗಳು ಏನೂ ಆಗಲಿಲ್ಲ. ಅವರ ಹಳೆಯ ಪುಸ್ತಕದ ಪ್ರಕಾರ ಮುಂದಿನ ಮೆಟ್ಟಿಲು ಸೊನ್ನೆ. ನಾಲ್ಕನೆಯ ದಿನ ನನಗೂ ಮಿಂಚು ಹೊಡೆಯಿತು. ಅರ್ಧ ದಾರಿ ಅಷ್ಟು ಸಲೀಸಾಗಿ, ಉಳಿದರ್ಧ ಇಷ್ಟು ಕಡಿದಾಗಿ ಏಕಿರಬೇಕು? ಇದಕ್ಕೆ ಉತ್ತರ ಸಿಕ್ಕಿದ್ದು ಲಂಡನ್ನಿನ ಮಾರ್ಕ್ ಹೊರೊವಿಟ್ಸ್ ಮತ್ತು ಡೇವಿಡ್ ಟೇಲರ್ ಅವರು 2019ರಲ್ಲಿ ಬರೆದ ಒಂದು ಪ್ರಬಂಧದಲ್ಲಿ. ಹೊರೊವಿಟ್ಸ್ ಸ್ವತಃ ಈ ಮಾತ್ರೆ ಬಿಡಲು ಹೋಗಿ ಕಷ್ಟಪಟ್ಟ ವೈದ್ಯರು. ನನ್ನ ಮಾತ್ರೆಯ ಹತ್ತಿರದ ನೆಂಟನಾದ ಸಿಟಲೋಪ್ರಾಮಿನ ಲೆಕ್ಕವನ್ನು ಅವರು ಕೊಟ್ಟಿದ್ದಾರೆ: 40 ಮಿಲಿಗ್ರಾಂ ಕೊಟ್ಟರೆ ಮಿದುಳಿನ ಸೆರೊಟೋನಿನ್ ದ್ವಾರಗಳಲ್ಲಿ ನೂರಕ್ಕೆ ಸುಮಾರು 86 ಮುಚ್ಚುತ್ತವೆ, ಅದರ ಅರ್ಧ, 20 ಕೊಟ್ಟರೂ 80 ಮುಚ್ಚುತ್ತವೆ, 9ಕ್ಕೆ ಇಳಿದರೂ 70. ಆದರೆ ಅಲ್ಲಿಂದ ಕೆಳಗೆ ಮೂರೂವರೆಯ ಹತ್ತಿರ 50ಕ್ಕೆ ಬೀಳುತ್ತದೆ. ಒಂದು ಮಿಲಿಗ್ರಾಂಗೂ ಕಡಿಮೆಯಾದ ಚೂರು ಕೂಡ 20ರಷ್ಟನ್ನು ಮುಚ್ಚಿರುತ್ತದೆ.

ನಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಹುಬ್ಬಳ್ಳಿಯಿಂದ ಅಂಕೋಲೆಗೆ ಬರುವ ಬಸ್ಸು ಕಲಘಟಗಿ ದಾಟಿ ಯಲ್ಲಾಪುರದವರೆಗೂ ಹೆಚ್ಚೇನೂ ಇಳಿಯುವುದಿಲ್ಲ. ಅರ್ಧ ದಾರಿ ಸಾಗಿದರೂ ಎತ್ತರ ಹೆಚ್ಚು ಕಡಿಮೆ ಅಷ್ಟೇ. ಪ್ರಯಾಣಿಕ ನಿದ್ದೆ ಹೋಗಿರುತ್ತಾನೆ. ಆಮೇಲೆ ಅರಬೈಲ್ ಘಟ್ಟ ಬರುತ್ತದೆ. ಇಳಿಯಬೇಕಾದದ್ದೆಲ್ಲ ಆ ಕೆಲವೇ ಮೈಲಿಗಳಲ್ಲಿ. ಬಯಲಿನ ವೇಗದಲ್ಲೇ ಘಟ್ಟಕ್ಕೆ ನುಗ್ಗುವ ಚಾಲಕ ಉಂಟೆ? ಗೇರು ತಗ್ಗಿಸಿ, ತಿರುವು ತಿರುವಿಗೂ ನಿಧಾನಿಸಿ ಇಳಿಯುತ್ತಾನೆ. (ಘಟ್ಟದ ಕೆಳಗೆ ಸುಂಕಸಾಳದಿಂದ ಅಂಕೋಲೆಯವರೆಗೆ ಮತ್ತೆ ಸಮತಟ್ಟಾದ ದಾರಿ ಉಳಿಯುತ್ತದೆ, ಅಷ್ಟರಮಟ್ಟಿಗೆ ನನ್ನ ಉಪಮೆ ಊನವಾದದ್ದು. ಮಾತ್ರೆಯ ದಾರಿಯಲ್ಲಿ ಘಟ್ಟ ಇಳಿದೊಡನೆ ಸಮುದ್ರ.) ಆದ್ದರಿಂದ ಪ್ರತಿ ಸಲವೂ ಆಗಿನ ಪ್ರಮಾಣದ ಒಂದು ಪಾಲನ್ನು ಮಾತ್ರ ಕಳೆಯುತ್ತ, ಕೊನೆಕೊನೆಗೆ ಚೂರು ಚೂರಾಗಿ ಇಳಿಸಬೇಕೆಂಬುದು ಹೊಸ ಕ್ರಮ. ಬ್ರಿಟನ್ನಿನ ಸರಕಾರಿ ವೈದ್ಯ ಮಾರ್ಗಸೂಚಿ 2022ರಲ್ಲಿ ಇದನ್ನು ಸ್ವೀಕರಿಸಿತು.

ನನ್ನ ವೈದ್ಯರು ಇದನ್ನು ಓದಿ ಒಪ್ಪಿದರು. ಅದು ಅವರ ದೊಡ್ಡತನ. ಮತ್ತೆ 5ಕ್ಕೆ ಹೋದೆ. ಎರಡು ತಿಂಗಳ ಮೇಲೆ ಮುಕ್ಕಾಲು, ಆಮೇಲೆ ಅರ್ಧ, ಆಮೇಲೆ ಕಾಲು. 5 ಮಿಲಿಗ್ರಾಂಗಿಂತ ಚಿಕ್ಕ ಮಾತ್ರೆ ನಮ್ಮ ಪೇಟೆಯಲ್ಲಿ ಸಿಗಲಿಲ್ಲ. ಮಾತ್ರೆ ಕತ್ತರಿಸುವ ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ಕಾರವಾರದಿಂದ ತರಿಸಿಕೊಂಡೆ. ಛಂದಸ್ಸಿನಲ್ಲಿ ಮಾತ್ರೆಯನ್ನು ಒಡೆಯಲಾಗದೆಂದು ಹೇಳುತ್ತಿದ್ದ ಮೇಷ್ಟ್ರು ಅಡುಗೆಮನೆಯ ದೀಪದ ಕೆಳಗೆ ಕನ್ನಡಕ ಹಾಕಿಕೊಂಡು ಮಾತ್ರೆಯನ್ನು ಒಡೆಯುತ್ತಿದ್ದುದನ್ನು ಕಂಡು ಹೆಂಡತಿ ನಕ್ಕಳು. ಎಲ್ಲ ಮಾತ್ರೆಗಳನ್ನೂ ಹೀಗೆ ಒಡೆಯಕೂಡದು. ದಿನವಿಡೀ ನಿಧಾನವಾಗಿ ಕರಗುವಂತೆ ಮಾಡಿದ ವೆನ್ಲಾಫ್ಯಾಕ್ಸಿನ್, ಡೆಸ್ವೆನ್ಲಾಫ್ಯಾಕ್ಸಿನ್‌ಗಳನ್ನು ಒಡೆದರೆ ಅಥವಾ ಪುಡಿಮಾಡಿದರೆ ಔಷಧವೆಲ್ಲ ಒಮ್ಮೆಗೇ ದೇಹಕ್ಕೆ ಸೇರುತ್ತದೆ. ಎರಡು ದಿನಕ್ಕೊಮ್ಮೆ ನುಂಗಿದರಾಯಿತೆಂಬ ಉಪಾಯವೂ ಒಳ್ಳೆಯದಲ್ಲ. ದೇಹಕ್ಕೆ ಅದು ದಿನ ಬಿಟ್ಟು ದಿನ ಏರಿಳಿತ. ಪ್ರತಿ ಮೆಟ್ಟಿಲಿನಲ್ಲಿಯೂ ಒಂದು ವಾರ ಮುಂಗೋಪ, ಅರೆನಿದ್ದೆ ಇದ್ದೇ ಇತ್ತು. ತಾರೀಖು, ಪ್ರಮಾಣ, ನಿದ್ದೆಯ ತಾಸು, ಮಿಂಚಿನ ಎಣಿಕೆ, ಇಷ್ಟನ್ನು ಒಂದು ಹಳೆಯ ಹಾಜರಿ ಪುಸ್ತಕದಲ್ಲಿ ಬರೆದಿಡುತ್ತಿದ್ದೆ. 2025ರ ಸಂಕ್ರಾಂತಿಯ ಹೊತ್ತಿಗೆ ಮುಗಿಯಿತು.

ಎಲ್ಲರೂ ಬಿಡಲೇಬೇಕೆಂದು ನಾನು ವಾದಿಸುತ್ತಿಲ್ಲ. ಬ್ರಿಟನ್ನಿನಲ್ಲಿ ವರ್ಷಗಟ್ಟಲೆ ಮಾತ್ರೆ ತೆಗೆದುಕೊಂಡು ಚೆನ್ನಾಗಿದ್ದವರ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಬಿಟ್ಟವರಲ್ಲಿ ಒಂದು ವರ್ಷದೊಳಗೆ ನೂರಕ್ಕೆ 56 ಜನರಿಗೆ ಕಾಯಿಲೆ ಮರಳಿತು; ಮುಂದುವರಿಸಿದವರಲ್ಲೂ 39 ಜನರಿಗೆ ಮರಳಿತು. ಎರಡು ಮೂರು ಸಲ ಕಾಯಿಲೆ ಬಿದ್ದವರು, ಜೀವಕ್ಕೆ ಅಪಾಯ ತಂದುಕೊಂಡವರು ಮುಂದುವರಿಸುವುದೇ ಲೇಸೆಂದು ವೈದ್ಯರು ಹೇಳಿದರೆ ಅದರಲ್ಲಿ ಸೋಲೇನಿದೆ? ರಕ್ತದೊತ್ತಡದ ಮಾತ್ರೆಯನ್ನು ನಾವು ಹಾಗೆಯೇ ನುಂಗುತ್ತಿಲ್ಲವೆ? ನನಗೆ ಸರಿಕಾಣದ್ದು ಬೇರೆ: ಐದು ವರ್ಷದ ಹಿಂದಿನ ಚೀಟಿಯನ್ನು ಹಿಡಿದು ಅಂಗಡಿಯಿಂದ ಪಟ್ಟಿಯ ಮೇಲೆ ಪಟ್ಟಿ ಒಯ್ಯುವವರು ನಮ್ಮಲ್ಲಿ ಬಹಳ ಜನ. ಬೇಕೆಂದು ಅಲ್ಲ, ಬೇಡವೆಂದೂ ಅಲ್ಲ, ಯಾರೂ ಕೇಳಲಿಲ್ಲವೆಂದು.

ಕೇಳುವುದಕ್ಕೆ ಈಗ ಘಟ್ಟ ಹತ್ತಲೇಬೇಕೆಂದಿಲ್ಲ. ಕಾರವಾರದಲ್ಲೇ ವೈದ್ಯಕೀಯ ಕಾಲೇಜಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಸೇವೆಗೆ 14416 ಎಂಬ ಸಂಖ್ಯೆಗೆ ಯಾವ ಹೊತ್ತಿನಲ್ಲಿ ಬೇಕಾದರೂ ಫೋನು ಮಾಡಬಹುದು. ಕನ್ನಡದಲ್ಲಿ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ವರ್ಷವಾಯಿತು, ಜೊತೆಗೆ ಬೇರೆ ಯಾವ ಮಾತ್ರೆಗಳಿವೆ, ಇಷ್ಟನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಮಾತಿಗೆ ತೊಡಗಿದರೆ ಕೆಲಸ ಸುಲಭ. ಮಿಂಚಿದ್ದರೆ ಮಿಂಚೆಂದೇ ಹೇಳಿ.

ಈ ಭಾಷಣದ ಸುದ್ದಿ ತಿಳಿದ ಅಂಕೋಲೆಯ ಗೆಳೆಯರೊಬ್ಬರು, ಮಾತ್ರೆ ತೆಗೆದುಕೊಳ್ಳುವವರು ಇಶಾಡು ಮಾವಿನಹಣ್ಣು ತಿನ್ನಬಹುದೇ ಎಂಬುದನ್ನೂ ತಪ್ಪದೆ ಹೇಳಬೇಕೆಂದು ಕೇಳಿಕೊಂಡಿದ್ದಾರೆ. ನನ್ನ ವೈದ್ಯರನ್ನು ವಿಚಾರಿಸಿದೆ. ತಿನ್ನಬಹುದು. ಹೆಂಡವನ್ನು ಮಾತ್ರ ಬೇಡವೆಂದರು.